ಒದ್ದು ಕಣ್ಣಿಗೊತ್ತಿಕೊಂಡ ಕಂಪೌಂಡರಣ್ಣ

ಮೊನ್ನೆ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕುಳಿತ ಕಾಲೇಜು ಹುಡುಗನ ಮೊಣಕಾಲಿನಿಂದ ನೀಲಗಿರಿ ಎಣ್ಣೆಯ ವಾಸನೆ ಬರುತ್ತಿತ್ತು. ಮಡಿಲಲ್ಲಿ ಬಿಳಿ ಅಂಗಿಯೊಂದನ್ನು ಮಡಚಿ, ಮೇಲೆ ಕಪ್ಪು ಪಟ್ಟಿ ಸುತ್ತಿ ಇಟ್ಟುಕೊಂಡಿದ್ದ. ಏನೆಂದು ಕೇಳಿದರೆ, "ಟೇಕ್ವಾಂಡೋ ಅಜ್ಜ, ಕೊರಿಯಾದ್ದು" ಎಂದ. ಕೊರಿಯಾ ಎಂಬ ಹೆಸರೂ ಆ ಎಣ್ಣೆಯ ವಾಸನೆಯೂ ಒಟ್ಟಿಗೆ ಬಂದದ್ದೇ ತಡ, ನಾನು ಬಂಟ್ವಾಳದ ಒಂದು ಹಳೆಯ ಅಂಗಳದಲ್ಲಿದ್ದೆ...

ನಾವು ಅವರನ್ನು ಕಂಪೌಂಡರಣ್ಣ ಎನ್ನುತ್ತಿದ್ದೆವು. ಮಿಲಿಟರಿ ಆಸ್ಪತ್ರೆಯ ಕೆಲಸಕ್ಕೆ ಸೇರಿ, ಕೊರಿಯಾದಲ್ಲಿ ಯುದ್ಧವಾದಾಗ ಗಾಯಾಳುಗಳ ಆರೈಕೆಗೆಂದು ಅಷ್ಟು ದೂರ ಹೋಗಿ ಬಂದವರು. ಊರಿಗೆ ಮರಳಿ ಪೇಟೆಯ ಡಾಕ್ಟರರಲ್ಲಿ ಕಂಪೌಂಡರ್ ಆದರು. ಅಲ್ಲಿಂದ ಅವರು ತಂದದ್ದು ಎರಡು ವಿದ್ಯೆ. ಒಂದು ತೆಕ್ಯನ್. ಕುಣಿದಂತೆ ಹೆಜ್ಜೆ ಹಾಕುತ್ತ ಹಾಕುತ್ತ ಎದುರಿನವನನ್ನು ಒದೆಯುವುದು. ಅದನ್ನು ಕಲಿಸಿದವನು ಎರಡೂ ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದ ಒಬ್ಬ ಮುದುಕನಂತೆ. ಒದೆಗಳನ್ನೆಲ್ಲ ಹಾಸಿಗೆಯ ಮೇಲೆ ಎರಡು ಬೆರಳಿನಲ್ಲಿ ತೋರಿಸಿಕೊಟ್ಟನಂತೆ. ಇನ್ನೊಂದು ಸಿರುಮ್. ಸೊಂಟಕ್ಕೂ ತೊಡೆಗೂ ಬಟ್ಟೆ ಬಿಗಿದುಕೊಂಡು, ಒಬ್ಬರ ಬಟ್ಟೆ ಇನ್ನೊಬ್ಬರು ಹಿಡಿದು ಕೆಡಹುವ ಕುಸ್ತಿ. ಅದಕ್ಕೆ ನಮ್ಮ ಹೆಗಲ ಮೇಲಿನ ಟವೆಲು, ಬೈರಾಸೇ ಸಾಕಾಯಿತು.

ನಾನಾಗ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ನನ್ನಂಥ ನಾಲ್ಕೈದು ಜನ ಸಂಜೆ ಮರಳು ಹಾಸಿದ ಆ ಅಂಗಳದಲ್ಲಿ ಸೇರುತ್ತಿದ್ದೆವು. ಸಂಜೆ ನಮ್ಮನ್ನು ಕೆಡಹುವವರೂ ಅವರೇ, ಬೆಳಿಗ್ಗೆ ಡಾಕ್ಟರರಲ್ಲಿಗೆ ಹೋದರೆ ನೀಲಗಿರಿ ಎಣ್ಣೆ ತಿಕ್ಕುವವರೂ ಅವರೇ. ಡಾಕ್ಟರರಿಗೆ ತಮ್ಮ ಕೈಗುಣದಿಂದಲೇ ರೋಗಿಗಳು ಹೆಚ್ಚಿದರೆಂಬ ಸಂತೋಷ.

ಸಿರುಮ್ ನಮಗೆ ಬಂತು. ತೆಕ್ಯನ್ ಬರಲಿಲ್ಲ. ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಅವರನ್ನು ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕೆಂದು ಹಿರಿಯರು ಕಲಿಸಿದ್ದು ಮೈಯಲ್ಲಿ ಊರಿಬಿಟ್ಟಿತ್ತಲ್ಲ! ಒದ್ದ ಕೂಡಲೇ ನಾವು ಬಗ್ಗುತ್ತಿದ್ದೆವು. ಒದೆಸಿಕೊಂಡವನು "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಿದ್ದ. ಕಂಪೌಂಡರಣ್ಣ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಇದು ಎಂಥದ್ದು ಮಾರಾಯ್ರೆ, ಕಾಳಗವಾ, ಮದುವೆ ದಿಬ್ಬಣವಾ? ಒದ್ದ ಮೇಲೆ ಇನ್ನೊಂದು ಒದೀಬೇಕು. ಕ್ಷಮೆ ಕೇಳುದಲ್ಲ!"

ಅಂಗಳ ಅವರ ಸೋದರಮಾವನದ್ದು. ಅಳಿಯಸಂತಾನದ ಮನೆ, ಮಾವ ಹೇಳಿದ್ದೇ ಕೊನೆಯ ಮಾತು. ಒಂದು ಸಂಜೆ ಜಗಲಿಯಲ್ಲಿ ಎಲೆ ಅಡಿಕೆ ಜಗಿಯುತ್ತ ಕುಳಿತಿದ್ದ ಆ ಯಜಮಾನರ ಸಹನೆ ಮುಗಿಯಿತು.

"ಕಾಲಲ್ಲಿ ಮನುಷ್ಯರನ್ನು ಮುಟ್ಟುದು ವಿದ್ಯೆಯಾ? ಅದಕ್ಕೆ ನಮ್ಮ ಹಟ್ಟಿಯ ಕೆಂಪು ದನ ಸಾಲದಾ? ಮೂಡುಬಿದಿರೆಯ ಪೈಲ್ವಾನನನ್ನು ಕರೆಸ್ತೇನೆ. ಅವನನ್ನು ಕೆಡಹಿದರೆ ಅಂಗಳ ನಿನಗೆ. ಇಲ್ಲದಿದ್ರೆ ಈ ಮರಳು ತೆಗೆದು, ಸೆಗಣಿ ಸಾರಿಸಿ ಭತ್ತ ಒಣಗಿಸುವ."

ಕಂಪೌಂಡರಣ್ಣನಿಗೆ ಬೇರೆ ಜಾಗವಿರಲಿಲ್ಲ. "ಆ ಮುದುಕನಿಗೆ ಮಾತು ಕೊಟ್ಟಿದ್ದೇನೆ, ನಾಲ್ಕು ಜನಕ್ಕಾದರೂ ಕಲಿಸ್ತೇನೆ ಅಂತ" ಎಂದು ನಮ್ಮಲ್ಲಿ ಮೆಲ್ಲಗೆ ಹೇಳಿದರು. ಆ ವಾರ ಭೇದಿಯೆಂದು ಬಂದವರಿಗೆ ಕೆಮ್ಮಿನ ಔಷಧಿ ಕೊಟ್ಟು ಡಾಕ್ಟರರಿಂದ ಬೈಸಿಕೊಂಡರು.

ಪೈಲ್ವಾನರು ಬಂದರು. ಆ ಮನೆಯ ಚಾವಡಿಯ ಬಾಗಿಲಲ್ಲಿ ಅಡ್ಡ ತಿರುಗಿ ಒಳಬರಬೇಕಾದ ಅಗಲದವರು. ಮೀಸೆಯನ್ನೂ ಲೆಕ್ಕ ಹಿಡಿದರೆ ಇನ್ನೂ ಅಗಲ. ಇಬ್ಬರೂ ಬೈರಾಸು ಬಿಗಿದುಕೊಂಡು ಮರಳಿಗಿಳಿದರು. ಕಂಪೌಂಡರಣ್ಣ ತೂಗುತ್ತ ಎರಡು ಹೆಜ್ಜೆ ಹಾಕಿ ಕಾಲೆತ್ತಿದರು. ಪಾದ ಪೈಲ್ವಾನರ ಎದೆಗೆ ಟಪ್ಪೆಂದು ತಾಗಿತು. ಮರುಕ್ಷಣವೇ, ವರ್ಷವಿಡೀ ನಮಗೆ ಬೈದ ಆ ಮನುಷ್ಯ ತಾವೇ ಬಗ್ಗಿ, ಪೈಲ್ವಾನರ ತೊಡೆ ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡುಬಿಟ್ಟರು!

ಪೈಲ್ವಾನರೂ ಒಳ್ಳೆಯ ಮನೆಯಲ್ಲಿ ಬೆಳೆದವರೇ. "ಪರವಾಗಿಲ್ಲ" ಎಂದು ಮೈ ಸಡಿಲ ಬಿಟ್ಟು ನಿಂತರು. ಬಗ್ಗಿದ್ದ ಕಂಪೌಂಡರಣ್ಣನ ಮೂಗಿನ ಎದುರಿಗೇ ಅವರ ಬೈರಾಸು. ಬಗ್ಗಿದ ಮೈಗೆ ಎರಡನೆಯ ವಿದ್ಯೆ ನೆನಪಾಯಿತು. ಹಿಡಿದರು, ಎತ್ತಿದರು, ತಿರುಗಿಸಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಮ್ಮ ಪೈಲ್ವಾನರದ್ದು ಸರಿಯಾಗಿಯೇ ಮಣ್ಣಾಯಿತು.

"ಇದು ಮೋಸ! ಕ್ಷಮೆ ಕೇಳ್ತಾರೆ ಅಂತ ನಾನು ಸುಮ್ಮನೆ ನಿಂತದ್ದು!" ಎಂದು ಪೈಲ್ವಾನರು ಬಿದ್ದಲ್ಲಿಂದಲೇ ಕೂಗಿದರು.

ಕಂಪೌಂಡರಣ್ಣನ ಮುಖ ಸಣ್ಣದಾಯಿತು. "ಹೌದು ಮಾವ. ಕ್ಷಮೆ ಕೇಳಿದ್ದು ನಿಜ. ಆಮೇಲೆ ಕೈ ಅದರಷ್ಟಕ್ಕೆ ಹೋಯ್ತು. ಇದನ್ನು ಗೆಲುವು ಅಂತ ಹಿಡಿಯುದು ಬೇಡ."

ಹೋಯಿತು ನಮ್ಮ ಅಂಗಳ ಎಂದುಕೊಂಡೆವು. ಯಜಮಾನರು ಎದ್ದು, ಎಲೆಯ ರಸ ಉಗುಳಿ ಬಂದು, ಸಾವಕಾಶವಾಗಿ ತೀರ್ಪು ಕೊಟ್ಟರು.

"ಕಾಲು ತಾಗಿದ್ದಕ್ಕೆ ಕ್ಷಮೆ ಕೇಳಿದ, ಸರಿ. ಕೆಡಹಿದ್ದಕ್ಕೆ ಕೇಳ್ಲಿಲ್ಲ. ಅದನ್ನೂ ಕೇಳು, ಅಂಗಳ ನೀನೇ ಇಟ್ಟುಕೋ. ಇಷ್ಟು ಮರ್ಯಾದೆಯ ಒದೆ ನಾನು ನೋಡಿರ್ಲಿಲ್ಲ."

ಕಂಪೌಂಡರಣ್ಣ ಓಡಿಹೋಗಿ ಪೈಲ್ವಾನರ ಮುಂದೆ ಬಗ್ಗಿದರು. ಪೈಲ್ವಾನರು ಕುಳಿತಲ್ಲಿಂದಲೇ ಮರಳಿನಲ್ಲಿ ಹಿಂದಹಿಂದಕ್ಕೆ ತೆವಳಿದರು. "ಬೇಡ ಮಾರಾಯ್ರೆ, ದಮ್ಮಯ್ಯ, ಬಗ್ಗಬೇಡಿ!"

ಮುಂದಿನ ಆದಿತ್ಯವಾರದಿಂದ ಅವರೂ ನಮ್ಮ ಜತೆ ಕಲಿಯಲು ಬರತೊಡಗಿದರು.

ಹೀಗೆ ಕೆಲವು ವರ್ಷ ನಡೆಯಿತು. "ಇನ್ನೂ ಉಂಟು, ಮಳೆ ಬಿಡಲಿ" ಎಂದಿದ್ದರು ಕಂಪೌಂಡರಣ್ಣ ಒಮ್ಮೆ. "ಎದುರಿನವನ ಒದೆಯನ್ನೇ ಕೈಯಲ್ಲಿ ಹಿಡಿದು ಅವನನ್ನು ಕೆಡಹುದು ತೋರಿಸ್ತೇನೆ. ಎರಡೂ ವಿದ್ಯೆ ಸೇರುದು ಅಲ್ಲಿ." ಆ ಮಳೆಗಾಲದಲ್ಲಿ ಬೆಳ್ತಂಗಡಿಯ ತಂಗಿಯ ಮನೆಗೆ ಹೋದವರಿಗೆ ವಿಷಮಶೀತ ಜ್ವರ ಬಂತು. ಅಲ್ಲಿಂದ ಅವರು ಮರಳಲಿಲ್ಲ...

ಮಳೆ ಬಿಟ್ಟ ಮೇಲೆ ನಾನೂ ಪೈಲ್ವಾನರೂ ಅಂಗಳದಲ್ಲಿ ಎದುರುಬದುರು ನಿಂತೆವು. ಗೊತ್ತಿದ್ದದ್ದನ್ನೆಲ್ಲ ಮಾಡಿದೆವು. ಜಗಲಿಯಿಂದ ಯಜಮಾನರು, "ಮುಂದೆ?" ಎಂದರು. ಮುಂದಿನದ್ದು ಇಬ್ಬರಿಗೂ ಗೊತ್ತಿರಲಿಲ್ಲ. ಆ ವರ್ಷ ಅಲ್ಲಿ ಭತ್ತ ಒಣಗಿತು.

ಬಸ್ಸು ಮೂಡುಬಿದಿರೆ ತಲಪುವಾಗ ಆ ಹುಡುಗನಲ್ಲಿ ಕೇಳಿಯೇಬಿಟ್ಟೆ, ಒದೆಯಲು ಬಂದ ಕಾಲನ್ನು ಹಿಡಿದು ಕೆಡಹುವುದು ಹೇಗೆ ಮಗಾ, ಎಂದು.

"ಹಿಡಿಯುವ ಹಾಗೇ ಇಲ್ಲ ಅಜ್ಜ, ನಮ್ಮದರಲ್ಲಿ ಅದು ಫೌಲ್" ಎಂದು ನಕ್ಕು ಅವನು ಇಳಿದುಹೋದ.

ಕಂಪೌಂಡರಣ್ಣ ಇದ್ದಿದ್ದರೆ ಅವನ ಹಿಂದೆಯೇ ಇಳಿದು, ಬಸ್‌ಸ್ಟ್ಯಾಂಡಿನ ನಡುವೆಯೇ ಜಗಳಕ್ಕೆ ನಿಲ್ಲುತ್ತಿದ್ದರು. ಜಗಳ ಮಾಡುವಷ್ಟು ನನಗೆ ಗೊತ್ತಿಲ್ಲ.