ಗಗನಸಖಿಗೆ ‘ನೋಡೋಣ’ ಅಂದವರು

ಕಳೆದ ಭಾನುವಾರ ನಮ್ಮ ನಡುಮನೆಯಲ್ಲಿ ಒಂದು ಅನಾಹುತವಾಯಿತು. ಬಂದ ನೆಂಟರ ಮುಖ ನೋಡಿಕೊಂಡೇ ನಾನು "ಬೇಡ" ಅಂದುಬಿಟ್ಟೆ.

ಕಾಫಿಯನ್ನು ಬೇಡ ಅಂದಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಾನು ಬೇಡ ಅಂದದ್ದು ಗಂಡನ್ನು. ಅಮ್ಮನ ಅಣ್ಣ ಸಿದ್ದಪ್ಪ ಮಾವ ಅಜ್ಜಂಪುರದಿಂದ ತಂದಿದ್ದ ಸಂಬಂಧ ಅದು. ಹುಡುಗನಿಗೆ ಈರುಳ್ಳಿ ಮಂಡಿ ಇದೆ, ಹೊಸ ಮೋಟಾರ್ ಸೈಕಲ್ ಇದೆ, ಚಟಗಳು ಯಾವುದೂ ಇಲ್ಲ. (ಚಟದ ವಿಷಯ ಹೇಳುವಾಗಲೂ ಮಾವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ.)

"ನಿನ್ ಫೋಟೋ ತೋರ್ಸಿದೀನಿ ಕಣೇ. ವಿಮಾನದಲ್ಲಿ ಕೆಲ್ಸ ಮಾಡ್ತಿದ್ಲು ಅಂದ್ರೂ ಆ ಹುಡ್ಗ ಏನೂ ಅನ್ಲಿಲ್ಲ. ದೊಡ್ ಮನಸ್ಸು."

"ಬೇಡ ಮಾವ. ನಂಗೆ ಇಷ್ಟ ಇಲ್ಲ."

ಈಗ ಜಗಿಯುವುದು ನಿಂತಿತು. "ಹಿಂಗ್ ಮುಖಕ್ಕೆ ಹೊಡ್ದಂಗೆ ಹೇಳ್ತಾರೇನೇ? ನೋಡೋಣ ಅನ್ನೋಕೆ ಏನಾಗಿತ್ತು ನಿಂಗೆ?"

ಗಮನಿಸಿ. ನಾನು ಗಂಡನ್ನು ಒಲ್ಲೆ ಅಂದದ್ದಕ್ಕೆ ಮಾವನಿಗೆ ಸಿಟ್ಟಿಲ್ಲ. ಅದನ್ನು ಬಾಯಿಬಿಟ್ಟು ಅಂದದ್ದಕ್ಕೆ ಸಿಟ್ಟು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತು ಎಲ್ಲ ಮುಗಿಸಿ, ಹುಡುಗಿ ಹಿಡಿಸದಿದ್ದರೆ "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅಂತ ಎದ್ದು ಹೋಗುತ್ತಾರೆ. ಕಾಗದ ಬರುವುದಿಲ್ಲ. ಗಾಡಿ ಎರವಲು ಕೇಳಿದರೆ ನೋಡೋಣ. ಮಗನಿಗೆ ಸೀಟು ಕೇಳಿದರೆ ನೋಡೋಣ. ಇಲ್ಲ ಅನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ಕಡೂರಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ತಿಳಿದಿರಬೇಕಿತ್ತು. ಮೂರು ವರ್ಷ ಬೊಂಬಾಯಿಯಲ್ಲಿದ್ದು ಮರೆತಿದ್ದೆ ಅಂತ ಕಾಣುತ್ತದೆ.

ಹೊಸ ಓದುಗರಿಗಾಗಿ ನನ್ನ ಪೂರ್ವಜನ್ಮದ ವೃತ್ತಾಂತ. (ಹಳಬರು ಈ ಪ್ಯಾರಾ ಹಾರಿಸಿ ಓದಬಹುದು.) ನಾನು ಗಗನಸಖಿಯಾಗಿದ್ದೆ. ಎಣ್ಣೆ ಬೆಲೆ ಏರಿತು, ಕಂಪನಿ ವಿಮಾನಗಳನ್ನು ಕಡಿಮೆ ಮಾಡಿತು, ಕೊನೆಗೆ ಸೇರಿದವರನ್ನು ಮೊದಲು ಮನೆಗೆ ಕಳಿಸಿತು. ಕಳಿಸಿದ ರೀತಿ ಮಾತ್ರ ಬಹಳ ಚಂದ. ದೊಡ್ಡ ಅಧಿಕಾರಿಯೊಬ್ಬರು ನಮಗೆ ಟ್ರೇನಿಂಗಿನಲ್ಲಿ ಕಲಿಸಿದ್ದ ಅದೇ ನಗು ನಕ್ಕು, "ಇದು ತಾತ್ಕಾಲಿಕ, ಪರಿಸ್ಥಿತಿ ಸುಧಾರಿಸಿದ ಕೂಡಲೇ ನಿಮ್ಮನ್ನೇ ಮೊದಲು ಕರೆಯುತ್ತೇವೆ" ಅಂದರು. ನಾನು ನಂಬಿದೆ. ಯೂನಿಫಾರಂ ಸೀರೆಯನ್ನು ಇಸ್ತ್ರಿ ಮಾಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡೇ ಊರಿಗೆ ಬಂದೆ. ಇಂಗ್ಲಿಷಿನಲ್ಲೂ ನೋಡೋಣ ಅನ್ನುತ್ತಾರೆ ಅಂತ ನನಗೆ ಯಾರು ಹೇಳಿದ್ದರು?

ಯುಗಾದಿ ಹೊತ್ತಿಗೆ ಮನೆ ಸೇರಿದೆ. ಅಪ್ಪನದು ಬಟ್ಟೆ ಅಂಗಡಿ, ಮಾತು ಕಡಿಮೆ, ಅಳತೆ ಸರಿ. "ದೀಪಾವಳಿ ತನ್ಕ ನೋಡು. ಅಷ್ಟ್ರಲ್ಲಿ ಒಂದ್ ಕೆಲ್ಸ ಹಿಡ್ಕೊಂಡ್ರೆ ನಿನ್ನಿಷ್ಟ, ನಾನು ಮದ್ವೆ ಮಾತೆತ್ತಲ್ಲ. ಇಲ್ದಿದ್ರೆ ಸಿದ್ದಪ್ಪ ತಂದ ಗಂಡಿಗೆ ಹೂಂ ಅನ್ಬೇಕು" ಅಂದರು. ನಾನು ಒಪ್ಪಿದೆ. ವಿಮಾನದಲ್ಲೇ ಕೆಲಸ ಮಾಡಿದವಳಿಗೆ ನೆಲದ ಮೇಲೆ ಒಂದು ಕುರ್ಚಿ ಸಿಗುವುದಿಲ್ಲವೇ ಅಂತ ನನ್ನ ಲೆಕ್ಕ.

ಮೊದಲು ತರೀಕೆರೆ. ಅಲ್ಲೊಂದು ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನಿಸ್ಟ್ ಬೇಕಾಗಿತ್ತು. ಡಾಕ್ಟರು ನನ್ನ ಸರ್ಟಿಫಿಕೇಟು ನೋಡಿದರು, ಅವರ ಹೆಂಡತಿ ನಾನು ಸೀರೆ ಉಟ್ಟ ರೀತಿ ನೋಡಿದರು. "ಲೋಕಲ್ ಎಕ್ಸ್‌ಪೀರಿಯೆನ್ಸ್ ಇದೆಯಾ?" ಅಂತ ಡಾಕ್ಟರು ಕೇಳಿದರು. ವಿಮಾನದಲ್ಲಿ ವಾಂತಿ ಮಾಡುವವರ ತಲೆ ಹಿಡಿದಿದ್ದೇನೆ, ಹೆರಿಗೆ ನೋವು ಬಂದವರ ಕೈ ಹಿಡಿದಿದ್ದೇನೆ ಅಂದೆ. ಇಬ್ಬರಿಗೂ ಬಹಳ ಖುಷಿಯಾಯಿತು.

"ನೋಡೋಣಮ್ಮ. ಹೇಳಿ ಕಳಿಸ್ತೀವಿ. ಹೊರಗೆ ಅಡ್ರೆಸ್ ಬರೆಸಿ ಹೋಗಿ."

ನಾನು ಹಾರುತ್ತಾ ಮನೆಗೆ ಬಂದೆ. ಕೆಲಸ ಆಯಿತು ಅಂತ ಅಮ್ಮನಿಗೆ ಹೇಳಿಯೂಬಿಟ್ಟೆ. ಮಾರನೆಯ ದಿನದಿಂದ ಜಗುಲಿಯಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ಕಾಯತೊಡಗಿದೆ. ನಮ್ಮ ಕಡೂರಿನಲ್ಲೇ ಒಂದು ಸೊಸೈಟಿಯಲ್ಲಿ ಜಾಗ ಖಾಲಿಯಾದಾಗ ಅರ್ಜಿ ಹಾಕಲಿಲ್ಲ. ತರೀಕೆರೆಯವರಿಗೆ ಮಾತು ಕೊಟ್ಟು ಬಂದು ಇನ್ನೊಂದು ಕಡೆ ಹೋಗುವುದು ಮರ್ಯಾದೆಯೇ? ಆಷಾಢ ಕಳೆಯಿತು. ಪೋಸ್ಟ್‌ಮ್ಯಾನ್ ನಮ್ಮ ಮನೆ ಹತ್ತಿರ ಬರುವಾಗ ಸೈಕಲ್ ಜೋರಾಗಿ ತುಳಿಯುವುದನ್ನು ಕಲಿತ. ಆಮೇಲೆ ಗೊತ್ತಾಯಿತು, ಆವತ್ತು ಹೊರಗೆ ಕೂತು ನನ್ನ ಅಡ್ರೆಸ್ ಬರೆದುಕೊಂಡ ಹುಡುಗಿಯೇ ಡಾಕ್ಟರ ನಾದಿನಿ. ನಾನು ಕೇಳಲು ಹೋದ ಕೆಲಸಕ್ಕೆ ಅವಳು ಆಗಲೇ ಸೇರಿದ್ದಳು!

ಆಮೇಲೆ ಅಜ್ಜಂಪುರ. ಒಂದು ಶಾಲೆಯ ಕಮಿಟಿ, ಇಂಗ್ಲಿಷ್ ಟೀಚರ್ ಬೇಕಂತೆ. ಬಿಳಿ ಪಂಚೆಯ ಹಿರಿಯರು ಸಾಲಾಗಿ ಕೂತಿದ್ದರು. ಇಂಗ್ಲಿಷಿನ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

"ಮೇಲ್ಗಡೆಯಿಂದ ನಮ್ ಬುಕ್ಕಾಂಬುಧಿ ಕೆರೆ ಕಾಣ್ಸುತ್ತೇನಮ್ಮಾ?" ಒಬ್ಬರು ಕೇಳಿದರು.

"ಕಾಣ್ಸುತ್ತೆ ಸರ್." (ನಮ್ಮ ವಿಮಾನ ಆ ದಿಕ್ಕಿಗೆ ಹೋಗುತ್ತಲೇ ಇರಲಿಲ್ಲ. ಆದರೆ ಅವರ ಕಣ್ಣಿನಲ್ಲಿ ಅಷ್ಟು ಆಸೆ ಇತ್ತು.)

"ಅಲ್ಲ, ಆ ವಿಮಾನದ ಕಕ್ಕಸು... ಅದೆಲ್ಲ ಎಲ್ಲಿಗೆ ಬೀಳುತ್ತೆ?" ಇನ್ನೊಬ್ಬರು ದನಿ ತಗ್ಗಿಸಿ ಕೇಳಿದರು. ನಮ್ಮ ಹೊಲದ ಮೇಲಲ್ಲ ಅಂತ ಧೈರ್ಯ ಹೇಳಿದೆ.

ಅಷ್ಟರಲ್ಲಿ ಕಾಫಿ ಬಂತು. ತಟ್ಟೆ ಹೇಗೋ ನನ್ನ ಕೈಗೇ ಬಂತು. ವಿಮಾನದಲ್ಲಿ ಹೇಗೆ ಕೊಡುತ್ತಾರೆ ಅಂತ ನೋಡುವ ಆಸೆ ಎಲ್ಲರಿಗೂ. ಸರಿ, ಬಾಗಿ, ನಕ್ಕು, "ಕಾಫಿ ಆರ್ ಟೀ, ಸರ್?" ಅಂದೆ. ಟೀ ಇರಲೇ ಇಲ್ಲ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ಬರುವಾಗ ಅಧ್ಯಕ್ಷರು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಏನಂದರು ಅಂತ ನೀವೇ ಹೇಳಿಬಿಡಿ. ಹೌದು, "ನೋಡೋಣಮ್ಮ."

ಈ ಸಲ ನನಗೆ ಅರ್ಥವಾಯಿತು. ಬೀರೂರು ದಾಟುವ ತನಕ ರೈಲಿನ ಕಿಟಕಿಗೆ ಮುಖ ಒತ್ತಿಕೊಂಡು ಅತ್ತೆ. ಕೆಲಸ ಸಿಗಲಿಲ್ಲ ಅನ್ನುವುದಕ್ಕಿಂತ ಹೆಚ್ಚಾಗಿ, ಅಷ್ಟು ತಿಂಗಳು ಜಗುಲಿಯಲ್ಲಿ ಕೂತು ಕಳೆದೆನಲ್ಲ ಅಂತ ಹೊಟ್ಟೆ ಉರಿಯಿತು. ಗೌರಿ ಹಬ್ಬ ಮುಗಿದಿತ್ತು. ಸಿದ್ದಪ್ಪ ಮಾವ ಆಗಲೇ ಜಾತಕಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

ಕೊನೆಗೆ ಕೆಲಸ ಸಿಕ್ಕಿದ್ದು ನಮ್ಮ ಬೀದಿಯ ಕೊನೆಯಲ್ಲೇ. ರುದ್ರಪ್ಪನವರದು ಬೋರ್‌ವೆಲ್ ಕೊರೆಸುವ ಆಫೀಸು. ಇರುವುದು ಒಂದೇ ರಿಗ್ ಲಾರಿ, ಮಾತು ಕೊಟ್ಟಿರುವುದು ಅರ್ಧ ತಾಲೂಕಿಗೆ. ಜನ ಬಂದು ಕೂಗಾಡುತ್ತಾರೆ. ಆಗ ರುದ್ರಪ್ಪನವರು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡುತ್ತಾರೆ. ಅದಕ್ಕಾಗಿಯೇ ಅವರ ಚಪ್ಪಲಿ ಯಾವಾಗಲೂ ಹಿಂಬಾಗಿಲಲ್ಲೇ ಇರುತ್ತದೆ.

"ವಿಮಾನ ಲೇಟಾದ್ರೆ ಜನಕ್ಕೆ ಏನಂತ ಹೇಳ್ತಿದ್ರಿ?" ಅಂತ ಕೇಳಿದರು.

"ತಾಂತ್ರಿಕ ಕಾರಣ ಅಂತ."

"ನಿಜವಾದ ಕಾರಣ?"

"ಅದನ್ನ ನಮಗೂ ಹೇಳ್ತಿರ್ಲಿಲ್ಲ ಸರ್."

"ನಾಳೆಯಿಂದ್ಲೇ ಬಂದ್ಬಿಡಿ!"

ನೋಡೋಣ ಅನ್ನದ ಮೊದಲ ಮನುಷ್ಯ. ಆದರೆ ಷರತ್ತು ಇತ್ತು. ದೀಪಾವಳಿವರೆಗೆ ಪರೀಕ್ಷೆ, ಆಮೇಲೆ ಕಾಯಂ. ಬಂದವರಿಗೆಲ್ಲ ನಗುತ್ತಾ "ನಾಳೆ ಬರುತ್ತೆ" ಅನ್ನಬೇಕು, ಅಷ್ಟೇ.

ಮೊದಲ ವಾರ ಅಂದೆ. ಚೆನ್ನಾಗಿಯೇ ಅಂದೆ. ಎರಡನೆಯ ವಾರ ಪಂಚನಹಳ್ಳಿಯಿಂದ ಗೌರಮ್ಮ ಬಂದರು. ವಯಸ್ಸಾದ ಹೆಂಗಸು, ತೆಂಗಿನ ಸಸಿ ನೆಡಲು ನೀರು ಬೇಕು, ಈ ಮೊದಲೇ ಹಲವು ಸಲ ಬಂದು ಹೋಗಿದ್ದಾರೆ. ನಾನು ಕಂಪನಿಯ ನಗು ತೆಗೆದು ಮುಖಕ್ಕೆ ಹಾಕಿಕೊಂಡೆ.

"ಆಮ್ಯಾಲೆ ನಗೀವಂತೆ ಕಣವ್ವ. ಲಾರಿ ಬತ್ತದೋ ಇಲ್ವೋ, ಅದ್ನ ಹೇಳು."

ಅದೇನಾಯಿತೋ, ನನ್ನ ಬಾಯಿಂದ ನಿಜ ಬಂದುಬಿಟ್ಟಿತು. "ಬರಲ್ಲಮ್ಮ. ನಿಮಗಿಂತ ಮುಂಚೆ ಹೇಳಿದವರು ಬಹಳ ಜನ ಇದಾರೆ. ದೀಪಾವಳಿ ಕಳೆಯೋ ತನಕ ಬರಲ್ಲ."

ಕೂಗಾಡುತ್ತಾರೆ ಅಂದುಕೊಂಡೆ. ಗೌರಮ್ಮ ಬೆಂಚಿನ ಮೇಲೆ ಕೂತು ಉಸ್ಸಪ್ಪಾ ಅಂದರು.

"ಅಷ್ಟೇಯಾ? ಮದ್ಲೇ ಹೇಳ್ಬಾರ್ದಿತ್ತಾ? ಅಮೃತಾಪುರದಾಗೆ ಸೊಸೆ ತವರ್ನಲ್ಲಿ ಹೆತ್ತವ್ಳೆ. ಇವತ್ ಬತ್ತದೆ, ನಾಳೆ ಬತ್ತದೆ ಅಂತ ಲಾರಿ ಕಾಯ್ಕಂಡ್ ಕುಂತು ಇನ್ನೂ ಮೊಮ್ಮಗೀನ ಮುಖ ನೋಡಿಲ್ಲ ಕಣವ್ವ. ತರೀಕೆರೆ ಬಸ್ಸು ಎಷ್ಟೊತ್ತಿಗೆ?"

ಜಗುಲಿಯಲ್ಲಿ ಕೂತ ನನ್ನ ದಿನಗಳೆಲ್ಲ ಕಣ್ಣ ಮುಂದೆ ಬಂದವು. ನಾನೇ ಹೋಗಿ ಅವರನ್ನು ಬಸ್ಸು ಹತ್ತಿಸಿ ಬಂದೆ.

ಬರುವಷ್ಟರಲ್ಲಿ ರುದ್ರಪ್ಪನವರು ಹಿಂಬಾಗಿಲಿನಿಂದ ಒಳಗೆ ಬಂದಿದ್ದರು. ಆ ಬಾಗಿಲ ಹೊರಗೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಏನ್ರೀ, ಹಂಗೆ ಹೇಳ್ಬಿಟ್ರಲ್ರೀ! ಆ ಯಮ್ಮ ಬೇರೆ ಕಡೆ ಹೋದ್ರೆ? ನಿಮ್ಮನ್ನ ಇಟ್ಕೊಂಡ್ರೆ ಕಷ್ಟ ಕಣ್ರೀ... ನೋಡೋಣ."

ದೀಪಾವಳಿಗೆ ಎರಡು ವಾರವೂ ಇರಲಿಲ್ಲ. ಈ ಕುರ್ಚಿ ಹೋದರೆ ಮಾವನ ಚೀಲವೇ ಗತಿ. ಆದರೂ ಕೇಳಿಬಿಟ್ಟೆ. "ನೋಡೋಣ ಅಂದ್ರೆ ಬೇಡ ಅಂತಲಾ ಸರ್? ಬೇಡ ಅಂದ್ರೆ ಈಗ್ಲೇ ಅಂದ್ಬಿಡಿ. ನಾನು ಬೇರೆ ಕಡೆ ಹುಡುಕ್ಬೇಕು."

ಜನ್ಮದಲ್ಲಿ ಅವರನ್ನು ಯಾರೂ ಹೀಗೆ ಕೇಳಿರಲಿಲ್ಲ ಅಂತ ಕಾಣುತ್ತದೆ. ಹಿಂಬಾಗಿಲ ಕಡೆ ನೋಡಿದರು. ಅಡ್ಡ ನಾನು ನಿಂತಿದ್ದೆ.

"ಬೇಡ ಅಂತ ನಾನೆಲ್ರೀ ಅಂದೆ?"

"ಹಾಗಾದ್ರೆ ಇರು ಅಂತಲಾ ಸರ್?"

ಟೇಬಲ್ಲಿನ ಮೇಲಿದ್ದ ಪೆನ್ನನ್ನು ಎರಡು ಸಲ ತಿರುವಿದರು. "ಇರ್ರೀ, ಇರ್ರೀ. ನಾಳೆ ಟೈಮಿಗೆ ಬನ್ನಿ."

ಇದ್ದೇನೆ. ದೀಪಾವಳಿ ಕಳೆಯಿತು, ಕೆಲಸ ಕಾಯಂ ಆಯಿತು. ಅಪ್ಪ ಮಾತಿಗೆ ತಪ್ಪಲಿಲ್ಲ, ಮದುವೆ ವಿಷಯ ಬಿಟ್ಟರು. ಮೊಮ್ಮಗನನ್ನು ನೋಡಿ ಬಂದ ಗೌರಮ್ಮನ ಹೊಲದಲ್ಲಿ ನೀರು ಬಿದ್ದಿದೆ. ಈಗ ಜನ ಬಂದರೆ ಕೂಗಾಡುವುದಿಲ್ಲ, ಲಾರಿ ಯಾವತ್ತು ಬರುತ್ತದೆ ಅಂತ ಕೇಳಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಾರೆ. ರುದ್ರಪ್ಪನವರ ಚಪ್ಪಲಿ ಮಾತ್ರ ಇನ್ನೂ ಹಿಂಬಾಗಿಲಲ್ಲೇ ಇದೆ. ಟ್ರಂಕಿನಲ್ಲಿದ್ದ ಯೂನಿಫಾರಂ ಸೀರೆಯನ್ನು ಮೊನ್ನೆ ಅಮ್ಮ ದಿಂಬಿನ ಕವರಿಗೆ ಕತ್ತರಿಸಿದಳು. ಕತ್ತರಿಸು ಅಂದವಳು ನಾನೇ.

ಆದರೆ ಅಪ್ಪ ಬಿಟ್ಟರೂ ಸಿದ್ದಪ್ಪ ಮಾವ ಬಿಡಬೇಕಲ್ಲ? ಹಾಗೆ ಬಂದದ್ದು ಈ ಭಾನುವಾರ. ನನ್ನ "ಬೇಡ" ಕೇಳಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ. ಅವನು ಗೇಟು ದಾಟುತ್ತಿದ್ದಂತೆ ಅಮ್ಮ ನನ್ನ ಮೇಲೆ ತಿರುಗಿಬಿದ್ದಳು.

"ಅವ್ನೇನು ನಿನ್ನ ಕೈ ಹಿಡ್ದು ಎಳ್ಕೊಂಡ್ ಹೋಗ್ತಿದ್ನಾ? ನೋಡೋಣ ಮಾವ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?"

ನನ್ನ ಗಂಟೇನೂ ಹೋಗುತ್ತಿರಲಿಲ್ಲ, ನಿಜ. ಆದರೆ ಪಾಪ, ಅಜ್ಜಂಪುರದ ಆ ಹುಡುಗ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಾ ಎಷ್ಟು ದಿನ ಜಗುಲಿಯಲ್ಲಿ ಕೂರಬೇಕಿತ್ತು?