ಬ್ಯಾಟರಿ ಇಲ್ಲದ ಏಳನೇ ಪೆಟ್ಟಿಗೆ

ದೆವ್ವ, ಶಕುನ ಎಂದು ಯಾರಾದರೂ ಬಾಯಿಬಿಟ್ಟರೆ ನಾನು ನಕ್ಕುಬಿಡುತ್ತಿದ್ದೆ. ಲೆಕ್ಕಕ್ಕೆ ಸಿಗದ್ದು ಲೋಕದಲ್ಲೇ ಇಲ್ಲ ಎಂಬ ಕೊಬ್ಬು. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ, ನಾನಾಗಿದ್ದರೂ ನಗುತ್ತಿದ್ದೆ.

ರೇಡಿಯೊಗಳಿಗೆ ಮಾತು ಕಲಿಸುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಜಂಗಮಕೋಟೆಯ ಎಂಟು ರೇಷ್ಮೆ ಹುಳುಮನೆಗಳಲ್ಲಿ ಎಂಟು ಪುಟ್ಟ ರೇಡಿಯೊ ಪೆಟ್ಟಿಗೆಗಳನ್ನಿಟ್ಟಿದ್ದೆ. ಒಳಗೆ ಬಿಸಿ ಹೆಚ್ಚಾದರೆ ಪೆಟ್ಟಿಗೆ ನನಗೆ ಸುದ್ದಿ ಮುಟ್ಟಿಸಬೇಕು. ದೂರ ಕೂಗುವ ಶಕ್ತಿ ಅವಕ್ಕಿಲ್ಲ. ಪಕ್ಕದ್ದಕ್ಕೆ ಹೇಳಿದರೆ ಅದು ಮುಂದಿನದಕ್ಕೆ ದಾಟಿಸುತ್ತದೆ. ಒಂದರ ಮಾತಿನ ಮೇಲೆ ಇನ್ನೊಂದು ಬಿದ್ದು ಗೋಜಲಾಗದಂತೆ ಯಾವುದು ಯಾವಾಗ ಬಾಯಿ ತೆರೆಯಬೇಕು ಎಂದು ಹೇಳುವ ಅಲ್ಗಾರಿದಮ್ ನನ್ನದು. ಅದರ ಮೇಲೆ ನನಗೆ ಹೇಳತೀರದ ಜಂಬ.

ಏಳನೆಯದು ವೆಂಕಟಮ್ಮನವರ ಹುಳುಮನೆಯಲ್ಲಿತ್ತು. ಹುಳು ಪೊರೆ ಬಿಡಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಅಲುಗದೆ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಆಗ ಯಾರೂ ಅದರ ತಂಟೆಗೆ ಹೋಗಬಾರದು. ಮೋಡ ಮುಚ್ಚಿ ಚಳಿ ಹಿಡಿದಿದ್ದ ಆ ಬೆಳಿಗ್ಗೆ ಆಕೆ ಪೆಟ್ಟಿಗೆಯನ್ನು ಕಿತ್ತು, ಬ್ಯಾಟರಿ ತೆಗೆಸಿ, ನನ್ನ ಕೈಗಿಟ್ಟರು.

"ಹುಳ ಜ್ವರಕ್ಕೆ ಕೂತೈತೆ ಕಣಪ್ಪ. ನಿನ್ನ ಪೆಟ್ಟಿಗೆ ಮಿಣಮಿಣ ಅಂತಾ ಇದ್ರೆ ಅವು ಹೆಂಗೆ ಮಲಗ್ತವೆ? ಜ್ವರ ಎದ್ದ ಮೇಲೆ ತಂದಿಡು, ಹೋಗು."

ನನಗೆ ಸಿಟ್ಟು ನೆತ್ತಿಗೇರಿತು. ಊರಿನ ಇನ್ನೊಂದು ತುದಿಯ ಹಾಲಿನ ಡೇರಿ ಜಗಲಿಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಏಳನೇ ಪೆಟ್ಟಿಗೆ ತೊಡೆಯ ಮೇಲೆ, ಬ್ಯಾಟರಿ ಜೇಬಿನಲ್ಲಿ.

ಮಧ್ಯಾಹ್ನ ಸುದ್ದಿ ಬಂತು: ಏಳು, ಬಿಸಿ ಮಿತಿ ಮೀರಿದೆ. ಬಂದ ದಾರಿಯೂ ಅದರಲ್ಲಿತ್ತು: ಏಳರಿಂದ ನಾಲ್ಕಕ್ಕೆ, ನಾಲ್ಕರಿಂದ ಎರಡಕ್ಕೆ, ಎರಡರಿಂದ ನನಗೆ. ನಾಲ್ಕನೆಯದು ಇದ್ದದ್ದು ವೆಂಕಟಮ್ಮನವರ ಪಕ್ಕದ ಮನೆಯಲ್ಲಿ. ನನ್ನ ತೊಡೆಯ ಮೇಲಿಂದ ಕೂಗಿದರೆ ಅದಕ್ಕೆ ಕೇಳಿಸುವುದೇ ಇಲ್ಲ. ಹಳೆಯ ಸುದ್ದಿ ಎಲ್ಲೋ ಸುತ್ತಿ ಬಂದಿರಬೇಕೆಂದು, ಪ್ರತಿ ಸುದ್ದಿಗೂ ಪೆಟ್ಟಿಗೆ ಹಾಕುವ ಕ್ರಮಸಂಖ್ಯೆ ನೋಡಿದೆ. ಹೊಸದು. ಅಷ್ಟರಲ್ಲಿ ಇನ್ನೊಂದು ಬಂತು, ಮುಂದಿನ ಸಂಖ್ಯೆಯೊಂದಿಗೆ, ಇನ್ನೂ ಹೆಚ್ಚಿನ ಬಿಸಿ ತೋರಿಸುತ್ತಾ. ಲ್ಯಾಪ್‌ಟಾಪ್ ಮುಚ್ಚಿ ವೆಂಕಟಮ್ಮನವರ ಹುಳುಮನೆಗೆ ಓಡಿದೆ. ಆದರೂ ನಿಜ ಹೇಳುತ್ತೇನೆ, ನಾನು ಓಡಿದ್ದು ಆಕೆಗಾಗಿ ಅಲ್ಲ; ನನ್ನ ಅಲ್ಗಾರಿದಮ್ಮಿನ ತಪ್ಪು ಹುಡುಕಲು.

ಹುಳುಮನೆಯ ಬಾಗಿಲು ಮುಚ್ಚಿತ್ತು. ಕೂಗಿದರೆ ಉತ್ತರವಿಲ್ಲ. ತಳ್ಳಿದೆ. ಹುಳುವಿಗೆ ಚಳಿಯಾಗದಿರಲೆಂದು ಕಿಟಕಿಗಳಿಗೆಲ್ಲ ಟಾರ್ಪಾಲು ಬಿಗಿದು, ಒಳಗೆ ಇದ್ದಿಲ ಒಲೆ ಹೊತ್ತಿಸಿದ್ದರು. ಪಕ್ಕದಲ್ಲೇ ವೆಂಕಟಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಅಯ್ಯೋ ದೇವರೇ! ದರದರ ಹೊರಗೆಳೆದೆ. ಶಿಡ್ಲಘಟ್ಟದ ಡಾಕ್ಟರು, ಇದ್ದಿಲ ವಿಷಗಾಳಿ ರಕ್ತಕ್ಕೆ ಸೇರಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ಹೆಂಗಸು ಉಳಿಯುತ್ತಿರಲಿಲ್ಲ ಎಂದರು.

ಸಂಜೆ ಕಣ್ಣು ಬಿಟ್ಟ ಆಕೆ ನನ್ನನ್ನೇ ಗದರಿಸಿದರು: "ಬಾಗಿಲು ತೆಗೆದಿಟ್ಟೇ ಬಂದ್ಯಾ? ಹುಳಕ್ಕೆ ಚಳಿ ಆಗಲ್ವೇನೋ!"

ಆಮೇಲೆ ನಾಲ್ಕನೆಯದರ ದಾಖಲೆ ಬಿಚ್ಚಿ ನೋಡಿದೆ. ಏಳರಿಂದಲೇ ಕೇಳಿಸಿಕೊಂಡೆ ಎನ್ನುತ್ತದೆ ಅದು. ಕಂಪ್ಯೂಟರಿನಲ್ಲಿ ಎಷ್ಟೋ ತಿಂಗಳು ಆ ದಿನ ನಡೆದದ್ದನ್ನು ಮತ್ತೆ ಮತ್ತೆ ನಡೆಸಿ ನೋಡಿದೆ. ಒಮ್ಮೆಯೂ ಆ ಸುದ್ದಿ ಹುಟ್ಟಲಿಲ್ಲ.

ನನ್ನ ವರದಿಯಲ್ಲಿ ಪ್ರತಿ ಸುದ್ದಿಯ ಮುಂದೆ ನಿಜ ಅಥವಾ ಸುಳ್ಳು ಎಂದು ಬರೆಯಬೇಕು. ಕಳಿಸಿದ ಪೆಟ್ಟಿಗೆಗೆ ಜೀವವೇ ಇರಲಿಲ್ಲ, ಆದ್ದರಿಂದ ಸುಳ್ಳು ಎನ್ನಬೇಕು. ಬರೆಯಲು ಕೂತಾಗಲೆಲ್ಲ ವೆಂಕಟಮ್ಮ ಬದುಕಿದ್ದಾರೆ ಎಂಬುದು ನೆನಪಾಗುತ್ತದೆ. ಏಳರಿಂದ ಬಂದ ಆ ಎರಡು ಸುದ್ದಿಗಳ ಮುಂದೆ ನಾನು ಇವತ್ತಿಗೂ ಏನೂ ಬರೆದಿಲ್ಲ.