ನೆಂಟರು ಬರುವ ಹೊತ್ತಿಗೆ ಎದೆನೋವು

ಮಗಳನ್ನು ನೋಡಲು ಗಂಡಿನ ಕಡೆಯವರು ಬರಬೇಕಿದ್ದ ಭಾನುವಾರ ಅದು. ಬಸವೇಶ್ವರನಗರದ ನಮ್ಮ ಮನೆಯ ಕೆಳಭಾಗವನ್ನು ಬಾಡಿಗೆಗೆ ಕೊಟ್ಟು ನಾವು ಮೇಲಿದ್ದೇವೆ. ಬೆಳಿಗ್ಗೆಯಿಂದ ನನ್ನವರಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಆಗಷ್ಟೇ ನಿವೃತ್ತರಾಗಿದ್ದರು. ಯಾವ ಕೆಲಸವನ್ನೂ ಬೇರೆಯವರಿಗೆ ಬಿಟ್ಟುಕೊಡುವ ಜಾಯಮಾನವಲ್ಲ. ಕೆಳಗಿನವರಿಂದ ಕೇಳಿ ಪಡೆದ ಕುರ್ಚಿಗಳನ್ನು ಒಂದೊಂದಾಗಿ ಹೊತ್ತು ತಂದರು. ಕೊನೆಯದನ್ನು ನಡುಮನೆಯಲ್ಲಿಟ್ಟು ಅದರ ಮೇಲೇ ಕುಳಿತುಬಿಟ್ಟರು.

ನಾನು ಕೇಸರಿಬಾತಿಗೆ ರವೆ ಹುರಿಯುತ್ತಿದ್ದೆ. “ಸ್ವಲ್ಪ ನೀರು ಕೊಡ್ತೀಯಾ?” ಎಂದರು. ದನಿ ಎಂದಿನಂತಿರಲಿಲ್ಲ. ನೀರು ಕೊಡುವಾಗ ನೋಡಿದೆ, ಎದೆಯ ನಡುವೆ ಅಂಗೈ ಒತ್ತಿಕೊಂಡಿದ್ದರು.

“ಏನಾಯ್ತ್ರೀ?”

“ಏನಿಲ್ಲ, ಗ್ಯಾಸು. ಬೆಳಿಗ್ಗೆ ಪೂರಿ ತಿನ್ನಬಾರದಿತ್ತು.”

ನಾನೂ ನಂಬಿದೆ. ಜೀರಿಗೆ ಕುದಿಸಿ ಸೋಸಿ ತಂದೆ. ಎರಡು ಗುಟುಕು ಕುಡಿದರು, ತೇಗೂ ಬಂತು. ಇನ್ನು ಸರಿಹೋಗುತ್ತದೆ ಎಂದು ಒಲೆಯ ಕಡೆ ತಿರುಗಿದೆ. ಆದರೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿದ್ದರೂ ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಹಣೆ ಮುಟ್ಟಿದರೆ ತಣ್ಣಗಿತ್ತು.

“ಎಲ್ಲಿ ನೋಯ್ತಿದೆ, ಸರಿಯಾಗಿ ಹೇಳಿ.”

“ನೋವು ಅಂತಲ್ಲ ಕಣೇ. ಯಾರೋ ಎದೆ ಮೇಲೆ ಕೂತ ಹಾಗಿದೆ. ದವಡೆನೂ ಹಿಡ್ಕೊಂಡಿದೆ. ಅವ್ರು ಬಂದು ಹೋಗ್ಲಿ, ಸಾಯಂಕಾಲ ಡಾಕ್ಟ್ರ ಹತ್ರ ಹೋದ್ರಾಯ್ತು.”

ಭಾನುವಾರ ಸಾಯಂಕಾಲ ನಮ್ಮ ಬೀದಿಯ ಕ್ಲಿನಿಕ್ಕು ಬಾಗಿಲು ತೆರೆಯುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಅದನ್ನೇ ಮರೆತು ಮಾತಾಡುತ್ತಿದ್ದಾರಲ್ಲ ಎಂದು ನನಗೆ ದಿಗಿಲಾಯಿತು. ಅಷ್ಟರಲ್ಲಿ ರೇಷ್ಮೆ ಸೀರೆಯುಟ್ಟು ಕೋಣೆಯಿಂದ ಬಂದ ಮಗಳು, “ಅಮ್ಮಾ, ಅಪ್ಪನ ಮುಖ ನೋಡು, ಹೇಗೆ ಬಿಳಿಚಿಕೊಂಡಿದೆ. ಸ್ಕೂಟರ್ ತೆಗೀಲಾ?” ಎಂದಳು.

“ಸ್ಕೂಟರ್ ಬೇಡ. ಮೆಟ್ಟಿಲು ಇಳಿಸೋದೇ ಬೇಡ,” ಎಂದು ನಾನು ಫೋನು ಕೈಗೆತ್ತಿಕೊಂಡೆ.

ಆ ಕ್ಷಣ ನನಗೇನೂ ಧೈರ್ಯ ಬಂದಿರಲಿಲ್ಲ. ಬರೀ ಗ್ಯಾಸ್ ಆಗಿದ್ದರೆ? ಗಂಡಿನ ಕಡೆಯವರ ಎದುರಿಗೆ ಆಂಬ್ಯುಲೆನ್ಸು, ಬೀದಿ ತುಂಬಾ ಜನ, ಆಮೇಲೆ ವರ್ಷವಿಡೀ ಅದೇ ಮಾತು. ಹಾಗೆಂದುಕೊಳ್ಳುತ್ತಲೇ ಗುಂಡಿ ಒತ್ತಿದೆ. ಆ ಕಡೆಯ ಹುಡುಗಿ ವಿಳಾಸ ಕೇಳಿದಳು. ಬೆವರುತ್ತಿದ್ದಾರಾ, ಉಸಿರಾಟ ಹೇಗಿದೆ ಎಂದು ವಿಚಾರಿಸಿ, “ಕೂತೇ ಇರ್ಲಿ ಮೇಡಂ, ಓಡಾಡಿಸ್ಬೇಡಿ. ಗಾಡಿ ಕಳಿಸ್ತಾ ಇದೀವಿ,” ಎಂದಳು.

ಇವರಿಗೆ ಸಿಟ್ಟು ಬಂತು. “ಮಾನ ಕಳೀತೀಯಲ್ಲ! ಅವ್ರು ಏನಂದ್ಕೋತಾರೆ?”

“ಏನಾದ್ರೂ ಅಂದ್ಕೊಳ್ಳಿ. ನೀವು ಸುಮ್ನೆ ಕೂತ್ಕೊಳ್ಳಿ,” ಎಂದೆ. ಮದುವೆಯಾದಾಗಿನಿಂದ ಅವರೊಂದಿಗೆ ಹಾಗೆ ಮಾತಾಡಿದ್ದು ನೆನಪಿಲ್ಲ.

ಆಂಬ್ಯುಲೆನ್ಸು ಬಂದ ಬೆನ್ನಿಗೇ ನೆಂಟರ ಕಾರೂ ಬಂತು. ನಮ್ಮ ಅಡ್ಡರಸ್ತೆ ಇಕ್ಕಟ್ಟು. ಆಂಬ್ಯುಲೆನ್ಸಿನವರಿಬ್ಬರು ಇವರನ್ನು ಕುರ್ಚಿ ಸಮೇತ ಎತ್ತಿಕೊಂಡು ಮೆಟ್ಟಿಲು ಇಳಿಯುತ್ತಿದ್ದರೆ, ಕೆಳಗೆ ಹುಡುಗನ ತಾಯಿ ಹಣ್ಣಿನ ತಟ್ಟೆ ಹಿಡಿದು ನಿಂತಿದ್ದರು. ಇವರು ಆ ಸ್ಥಿತಿಯಲ್ಲೂ ಕೈ ಮುಗಿದು, “ಬನ್ನಿ, ಬನ್ನಿ. ಕಾಫಿ ಕುಡ್ಕೊಂಡೇ ಹೋಗ್ಬೇಕು,” ಎಂದರು!

ಆ ತಾಯಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟು ನನ್ನ ತೋಳು ಹಿಡಿದುಕೊಂಡರು. “ನೀವು ಅವ್ರ ಜೊತೆ ಹತ್ತಿ. ಮಗಳನ್ನ ನಾವು ಕಾರಲ್ಲಿ ಕರ್ಕೊಂಡು ಬರ್ತೀವಿ. ನಮ್ಮನೇಲೂ ಒಬ್ರು ಹೀಗೇ ನಾಳೆ ನೋಡೋಣ ಅಂತ ಕೂತಿದ್ರು. ನೀವು ಒಳ್ಳೇ ಕೆಲ್ಸ ಮಾಡಿದ್ರಿ.” ಆ ಮಾತು ಕೇಳಿದ ಮೇಲೆಯೇ ನನಗೆ ಅಳು ಬಂದಿದ್ದು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಸರು ಬರೆಸುವ ಮೊದಲೇ ಇಸಿಜಿ ತೆಗೆದರು. ಎಳೆ ಪ್ರಾಯದ ಡಾಕ್ಟರು ಕಾಗದ ನೋಡಿ, “ಹಾರ್ಟ್ ಅಟ್ಯಾಕ್ ಆಗ್ತಾ ಇದೆ ಅಮ್ಮ. ರಕ್ತನಾಳ ಬ್ಲಾಕ್ ಆಗಿದೆ, ಈಗ್ಲೇ ಬಿಡಿಸ್ಬೇಕು,” ಎಂದು ಒಳಗೆ ಕರೆದೊಯ್ದರು. ಹೊರಗಿನ ಕಬ್ಬಿಣದ ಬೆಂಚಿನ ಮೇಲೆ ನಾನು, ಮಲ್ಲಿಗೆ ಮುಡಿದ ಮಗಳು, ಪರಿಚಯವೇ ಇಲ್ಲದ ಆ ಹುಡುಗ, ಅವನ ತಂದೆ ತಾಯಿ. ದಾದಿಯೊಬ್ಬಳು ಮದುವೆ ಮನೆಯಿಂದ ಬಂದಿರಾ ಎಂದು ಕೇಳಿಯೂ ಕೇಳಿದಳು. ಹುಡುಗ ಎದ್ದು ಹೋಗಿ ಎಲ್ಲರಿಗೂ ಕಾಫಿ ತಂದ.

ಕೊನೆಗೆ ಬಾಗಿಲು ತೆರೆಯಿತು. “ಸ್ಟೆಂಟ್ ಹಾಕಿದೀವಿ. ಆರಾಮಾಗಿದಾರೆ. ಬೇಗ ಬಂದಿದ್ರಿಂದ ಹೃದಯಕ್ಕೆ ಹೆಚ್ಚು ಪೆಟ್ಟಾಗಿಲ್ಲ,” ಎಂದರು ಡಾಕ್ಟರು. ಹುಡುಗನ ತಾಯಿಯ ಭುಜಕ್ಕೆ ತಲೆಯಿಟ್ಟು ಕುಳಿತುಬಿಟ್ಟೆ. ಒಳಗೆ ಹೋಗಿ ನೋಡಿದಾಗ ಇವರ ಮುಖಕ್ಕೆ ಬಣ್ಣ ಮರಳಿತ್ತು. “ಎದೆ ಮೇಲಿಂದ ಎದ್ದು ಹೋದ್ರು ಕಣೇ,” ಎಂದು ನಕ್ಕರು.

ಮನೆಗೆ ಬಂದು ಒಂದಿಷ್ಟು ದಿನ ಕಳೆದ ಮೇಲೆ, ಗಂಡಿನವರಿಗೆ ಏನು ಹೇಳೋಣ ಎಂದು ಮಗಳನ್ನು ಕೇಳಿದೆವು. “ಒಳ್ಳೇ ಹುಡುಗ ಅಮ್ಮ. ಆಸ್ಪತ್ರೇಲಿ ತುಂಬಾ ಹೊತ್ತು ಮಾತಾಡಿದ್ವಿ. ಆದ್ರೆ ಮದುವೆ ಅಂತ ಅನ್ನಿಸ್ಲಿಲ್ಲ,” ಎಂದಳು. ಅಷ್ಟು ಉಪಕಾರ ಮಾಡಿದವರಿಗೆ ಬೇಡ ಎನ್ನುವುದು ಹೇಗೆಂದು ಒದ್ದಾಡಿ, ಸಂಕೋಚದಿಂದಲೇ ಫೋನು ಮಾಡಿದೆ. ಹುಡುಗನ ತಾಯಿ ಪೂರ್ತಿ ಕೇಳಿಸಿಕೊಂಡು ಜೋರಾಗಿ ನಕ್ಕರು.

“ಇದನ್ನ ಹೇಗೆ ಹೇಳೋದು ಅಂತ ನಾನೂ ಯೋಚ್ನೆ ಮಾಡ್ತಿದ್ದೆ ನೋಡಿ. ಇವನೂ ಅದನ್ನೇ ಅಂದ. ಅದಿರ್ಲಿ, ಯಜಮಾನ್ರು ಹೇಗಿದಾರೆ?”

ಪಾರ್ಕಿಗೆ ವಾಕಿಂಗ್ ಹೋಗಿದ್ದಾರೆ, ಬರುತ್ತಾ ಸೊಪ್ಪು ತರುತ್ತಾರೆ ಎಂದೆ.